ಕತ್ತಲಿಗೆ ಒಗ್ಗಿದ ಕಣ್ಣು ಕೆಡದಂಥ ಪುಟ್ಟ, ಮಂದ ಟಾರ್ಚ್ ಆಯ್ಕೆ ಮಾಡುವುದು ಹೇಗೆ?

ಅರ್ಧ ಗಂಟೆಯಿಂದ ಕತ್ತಲಲ್ಲಿ ಕೂತಿದ್ದೆ. ಮೊದಲು ಹತ್ತಿಪ್ಪತ್ತು ಕಾಣುತ್ತಿದ್ದ ನಕ್ಷತ್ರಗಳು ಈಗ ಎಣಿಸಲಾಗದಷ್ಟು ಆಗಿದ್ದವು. ಮಡಿಲಲ್ಲಿದ್ದ ನಕ್ಷತ್ರ ನಕ್ಷೆಯಲ್ಲಿ ಒಂದು ಹೆಸರು ನೋಡಬೇಕಿತ್ತು. ಹೊಸದಾಗಿ ತಂದಿದ್ದ ಟಾರ್ಚ್ ತೆಗೆದು ಬಟನ್ ಒತ್ತಿದೆ. ಬಿಳಿ ಹಾಳೆ ಭಗ್ಗೆಂದು ಹೊತ್ತಿಕೊಂಡ ಹಾಗಾಯಿತು. ಆರಿಸಿ ತಲೆ ಎತ್ತಿದರೆ ಆಕಾಶ ಕರಿ ಹಲಗೆ, ನಟ್ಟನಡುವೆ ಒಂದು ಹಸಿರು ಮಚ್ಚೆ ತೇಲುತ್ತಿದೆ. ಮತ್ತೆ ಅರ್ಧ ಗಂಟೆ ಕಾಯಬೇಕಾಯಿತು.

ಆ ಟಾರ್ಚಿನಲ್ಲಿ ಮಂದ ಬೆಳಕು ಇರಲಿಲ್ಲ ಅಂತಲ್ಲ. ಇತ್ತು. ಮೂರನೇ ಸಲ ಒತ್ತಿದ ಮೇಲೆ ಬರುತ್ತಿತ್ತು!

ಟಾರ್ಚ್ ಕೊಳ್ಳುವಾಗ ನಾವೆಲ್ಲ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ನೋಡುತ್ತೇವೆ. 500 ಲ್ಯೂಮೆನ್, 1000 ಲ್ಯೂಮೆನ್. ಕತ್ತಲಲ್ಲಿ ಕಣ್ಣು ಉಳಿಸಿಕೊಳ್ಳಬೇಕಾದರೆ ಆ ಸಂಖ್ಯೆಯಿಂದ ಏನೂ ಪ್ರಯೋಜನವಿಲ್ಲ. ಟಾರ್ಚ್ ಎಷ್ಟು ಕಡಿಮೆ ಉರಿಯಬಲ್ಲದು, ಮತ್ತು ಒತ್ತಿದ ತಕ್ಷಣ ಯಾವ ಬೆಳಕು ಬರುತ್ತದೆ, ಈ ಎರಡು ಗೊತ್ತಾದರೆ ಸಾಕು. ಬಣ್ಣದ ಮಾತು ಅದರ ನಂತರ. ಕೆಂಪು ಬೆಳಕಿದ್ದರೆ ಎಲ್ಲ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ.

ಮೊದಲು ಕಣ್ಣಿನ ಲೆಕ್ಕ

ಬೆಳಕಿನಿಂದ ಕತ್ತಲಿಗೆ ಹೋದಾಗ ಕಣ್ಣಿನಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು, ಕಣ್ಣಿನ ಪಾಪೆ ಹಿಗ್ಗುತ್ತದೆ. ಇದು ಬೇಗ ಆಗುತ್ತದೆ. ಬಿಸಿಲಲ್ಲಿ 2 ಮಿಲಿಮೀಟರ್ ಇರುವ ಪಾಪೆ ಕತ್ತಲಲ್ಲಿ 7 ಮಿಲಿಮೀಟರ್‌ವರೆಗೂ ತೆರೆಯಬಹುದು. ವಯಸ್ಸಾದಂತೆ ಅಷ್ಟು ತೆರೆಯುವುದಿಲ್ಲ. ಎರಡನೆಯದು ನಿಧಾನದ ಕೆಲಸ. ಕಣ್ಣಿನ ಹಿಂಪರದೆಯಲ್ಲಿ ಶಂಕುಕೋಶ, ದಂಡಕೋಶ ಎಂಬ ಎರಡು ಬಗೆಯ ಕೋಶಗಳಿವೆ. ಬಣ್ಣ ಮತ್ತು ಸೂಕ್ಷ್ಮ ವಿವರ ಶಂಕುಗಳ ಪಾಲು. ಕತ್ತಲಲ್ಲಿ ದುಡಿಯುವುದು ದಂಡಗಳು. ದಂಡಕೋಶದೊಳಗೆ ರೊಡಾಪ್ಸಿನ್ ಎಂಬ ವಸ್ತು ಇದೆ. ಬೆಳಕು ಬಿದ್ದರೆ ಅದು ಒಡೆಯುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ತಯಾರಾಗುತ್ತದೆ.

ಶಂಕುಗಳು ಸುಮಾರು 10 ನಿಮಿಷದಲ್ಲಿ ತಮ್ಮ ಕೈಲಾದಷ್ಟು ಹೊಂದಿಕೊಂಡುಬಿಡುತ್ತವೆ. ದಂಡಗಳಿಗೆ 30 ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಇಷ್ಟು ಹೊತ್ತು ಕೂಡಿಟ್ಟದ್ದನ್ನು ಜೋರು ಬೆಳಕು ಕೆಲವೇ ಕ್ಷಣದಲ್ಲಿ ಖರ್ಚು ಮಾಡಿಬಿಡುತ್ತದೆ. ಗಳಿಕೆ ನಿಧಾನ, ಖರ್ಚು ಕ್ಷಣದ್ದು.

ಇನ್ನೊಂದು ವಿಷಯ ಬಹಳ ಉಪಯೋಗಕ್ಕೆ ಬರುತ್ತದೆ: ಎರಡು ಕಣ್ಣೂ ಬೇರೆ ಬೇರೆಯಾಗಿ ಕತ್ತಲಿಗೆ ಒಗ್ಗುತ್ತವೆ. ಒಂದು ಕಣ್ಣಿನ ಮೇಲೆ ಬೆಳಕು ಬಿದ್ದರೆ ಮುಚ್ಚಿದ್ದ ಇನ್ನೊಂದು ಕಣ್ಣಿನ ರೊಡಾಪ್ಸಿನ್ ಹಾಗೇ ಉಳಿದಿರುತ್ತದೆ. ಟಾರ್ಚ್ ಪರೀಕ್ಷೆ ಮಾಡುವಾಗ ಇದನ್ನೇ ಬಳಸಿಕೊಳ್ಳೋಣ.

ಹಂತ 1: ಏನು ನೋಡಬೇಕು ಅಂತ ತೀರ್ಮಾನಿಸಿ

ಕಾಗದ ಓದಬೇಕಾ, ದಾರಿ ನೋಡಬೇಕಾ, ಅಥವಾ ಮಲಗಿದವರನ್ನು ಎಬ್ಬಿಸದೆ ಕೋಣೆಯಲ್ಲಿ ಓಡಾಡಬೇಕಾ? ಈ ಮೂರಕ್ಕೂ ಒಂದೇ ಬೆಳಕು ಸಾಲದು. ಕೈಯಳತೆಯಲ್ಲಿ ಹಿಡಿದ ನಕ್ಷೆಗೆ ಚಿಟಿಕೆಯಷ್ಟು ಬೆಳಕು ಸಾಕು. ಕಲ್ಲು ಮುಳ್ಳಿನ ದಾರಿಗೆ ಇನ್ನಷ್ಟು ಬೇಕು. ರಾತ್ರಿ ಎದ್ದು ಬಚ್ಚಲಿಗೆ ಹೋಗುವುದಕ್ಕೆ ನಿಮಗೆ ಅನ್ನಿಸುವುದಕ್ಕಿಂತ ತುಂಬಾ ಕಡಿಮೆ ಸಾಕು. ಯಾವ ಕೆಲಸ ಹೆಚ್ಚು ಸಲ ಮಾಡುತ್ತೀರೋ ಅದಕ್ಕೆ ತಕ್ಕಂತೆ ಆರಿಸಿ. ಎಲ್ಲಕ್ಕೂ ಆಗುವಂಥದ್ದನ್ನೇ ಹುಡುಕಲು ಹೊರಟರೆ ಕೊನೆಗೆ ಕೈಗೆ ಬರುವುದು ದೊಡ್ಡ ಟಾರ್ಚೇ.

ಹಂತ 2: ಅತಿ ಕಡಿಮೆ ಬೆಳಕು ಎಷ್ಟು, ಅದನ್ನು ನೋಡಿ

ಲ್ಯೂಮೆನ್ ಅಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಒಂದು ಮೇಣದಬತ್ತಿ ಸುಮಾರು 12 ಲ್ಯೂಮೆನ್ ಕೊಡುತ್ತದೆ. ಡಬ್ಬಿಯ ಮೇಲೆ "ಲೋ" ಅಂತ ಬರೆದು ಪಕ್ಕದಲ್ಲಿ 20 ಲ್ಯೂಮೆನ್ ಅಂತ ಹಾಕಿದ್ದರೆ, ಅದು ಮೇಣದಬತ್ತಿಗಿಂತ ಜಾಸ್ತಿ ಬೆಳಕು. ಅದೂ ಸುತ್ತಲೂ ಹರಡದೆ ಒಂದೇ ಕಡೆ ಬೀಳುವ ಬೆಳಕು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದು "ಲೋ" ಅಲ್ಲವೇ ಅಲ್ಲ.

ಈಗ ಒಂದು ಸಣ್ಣ ಲೆಕ್ಕ. ಒಂದು ಲ್ಯೂಮೆನ್ ಬೆಳಕನ್ನು ಒಂದು ಚದರ ಮೀಟರ್ ಜಾಗದ ಮೇಲೆ ಸಮನಾಗಿ ಹರಡಿದರೆ ಆ ಜಾಗಕ್ಕೆ ಒಂದು ಲಕ್ಸ್ ಬೆಳಕು ಬಿತ್ತು ಅಂತ ಅರ್ಥ. ತಿಳಿಯಾದ ಹುಣ್ಣಿಮೆ ರಾತ್ರಿ ನೆಲಕ್ಕೆ ಬೀಳುವ ಬೆಳಕು ಹೆಚ್ಚೆಂದರೆ ಸುಮಾರು 0.3 ಲಕ್ಸ್. ಅಂದರೆ 0.3 ಲ್ಯೂಮೆನ್ ಟಾರ್ಚು ನಿಮ್ಮ ಕಾಲ ಬಳಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗಕ್ಕೆ ಹುಣ್ಣಿಮೆಯ ಬೆಳದಿಂಗಳನ್ನು ತಂದು ಹಾಕುತ್ತದೆ. ಬೆಳದಿಂಗಳಲ್ಲಿ ನಡೆಯಬಹುದು ಅಲ್ವಾ? ಅಷ್ಟೇ ವಿಷಯ. ಟಾರ್ಚ್ ಹುಚ್ಚಿನವರು ಒಂದು ಲ್ಯೂಮೆನ್‌ಗಿಂತ ಕೆಳಗಿನ ಈ ಮಟ್ಟವನ್ನು ಮೂನ್‌ಲೈಟ್ ಮೋಡ್ ಅಥವಾ ಫೈರ್‌ಫ್ಲೈ ಮೋಡ್ ಅನ್ನುವುದು ಸುಮ್ನೆ ಅಲ್ಲ.

ನನ್ನ ಅನುಭವದ ಅಂದಾಜು ಹೀಗಿದೆ. ಹತ್ತಿರ ಹಿಡಿದು ಓದಲು 0.1ರಿಂದ 0.5 ಲ್ಯೂಮೆನ್. ಮನೆಯೊಳಗೆ ಓಡಾಡಲು 0.5 ಧಾರಾಳ. ಹೊರಗೆ ಸಮತಟ್ಟಾದ ದಾರಿಗೆ 1ರಿಂದ 3. ಅದಕ್ಕಿಂತ ಮೇಲೆ ಹೋದರೆ ಕಣ್ಣು ಉಳಿಸುವ ಮಾತು ಬಿಟ್ಟುಬಿಡಿ.

ವಿವರಪಟ್ಟಿಯಲ್ಲಿ ಅತಿ ಕಡಿಮೆ ಮಟ್ಟದ ಸಂಖ್ಯೆಯನ್ನೇ ಕೊಟ್ಟಿಲ್ಲವೆಂದರೆ ಆ ಟಾರ್ಚನ್ನು ಪಕ್ಕಕ್ಕಿಡಿ. ಮಂದ ಬೆಳಕಿನ ಬಗ್ಗೆ ಯೋಚಿಸಿ ಮಾಡಿದವರು ಆ ಸಂಖ್ಯೆಯನ್ನು ಹೇಳಿಯೇ ಹೇಳುತ್ತಾರೆ. 1000 ಲ್ಯೂಮೆನ್‌ನಿಂದ 500ಕ್ಕೆ ಇಳಿಸಿ "ಮಂದ" ಅನ್ನುವವರನ್ನೂ ನಂಬಬೇಡಿ. ಕಣ್ಣು ಬೆಳಕನ್ನು ಅಳೆಯುವ ರೀತಿಯೇ ಬೇರೆ. ಬೆಳಕು ಅರ್ಧವಾದರೆ ಸ್ವಲ್ಪ ಇಳಿಯಿತು ಅಂತ ಮಾತ್ರ ಗೊತ್ತಾಗುತ್ತದೆ. ನಿಜವಾಗಿ ಮಂದ ಅನ್ನಿಸಬೇಕಾದರೆ ಹತ್ತು ಪಟ್ಟು, ನೂರು ಪಟ್ಟು ಇಳಿಯಬೇಕು.

ಹಂತ 3: ಒತ್ತಿದಾಗ ಮೊದಲು ಯಾವುದು ಬರುತ್ತದೆ?

ನಾನು ಎಡವಿದ್ದು ಇಲ್ಲೇ. ಅಂಗಡಿಯಲ್ಲಿ ಮೋಡ್‌ಗಳನ್ನೆಲ್ಲ ಒತ್ತಿ ಒತ್ತಿ ನೋಡಿದೆ, ಮಂದ ಬೆಳಕು ಇದೆ ಅಂತ ಖುಷಿಪಟ್ಟೆ. ಅದು ಸರದಿಯಲ್ಲಿ ಕೊನೆಗೆ ಬರುತ್ತದೆ ಅನ್ನುವುದನ್ನು ಗಮನಿಸಲಿಲ್ಲ. ಹೈ, ಮೀಡಿಯಂ, ಲೋ ಅನ್ನುವ ಕ್ರಮದ ಟಾರ್ಚ್ ಲೋಗೆ ಬರುವಷ್ಟರಲ್ಲಿ ಹೈ ಎಂಬುದು ಕಣ್ಣಿಗೆ ಹೊಡೆದಾಗಿರುತ್ತದೆ.

ನೋಡಬೇಕಾದ್ದು ಇಷ್ಟು:

- ಆರಿದ್ದಾಗ ಬಟನ್ ಒತ್ತಿದರೆ ಅತಿ ಮಂದ ಬೆಳಕೇ ಮೊದಲು ಬರಬೇಕು. ಇಲ್ಲವೇ ಬಟನ್ ಒತ್ತಿ ಹಿಡಿದರೆ ನೇರವಾಗಿ ಅದಕ್ಕೇ ಹೋಗಬೇಕು.
- ಕೆಲವು ಟಾರ್ಚ್‌ಗಳು ಕೊನೆಯ ಸಲ ಬಳಸಿದ ಮಟ್ಟವನ್ನು ನೆನಪಿಟ್ಟುಕೊಳ್ಳುತ್ತವೆ. ಒಳ್ಳೆಯದೇ, ಆದರೆ ಸಂಜೆ ಯಾರೋ ಹೈನಲ್ಲಿ ಬಳಸಿ ಇಟ್ಟರೆ ರಾತ್ರಿ ನಿಮಗೆ ಹೈಯೇ ಸಿಗುತ್ತದೆ.
- ಕೆಂಪು ಮತ್ತು ಬಿಳಿ ಎರಡೂ ಇರುವ, ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಆದರೆ, ಬಿಳಿಯನ್ನು ದಾಟದೆ ಕೆಂಪಿಗೆ ಹೋಗಬಹುದಾ ನೋಡಿ. ಆರಿಸುವಾಗಲೂ ಅಷ್ಟೇ. ಆರಿಸಲು ಒತ್ತಿದರೆ ಬಿಳಿ ಬಂದು ಆಮೇಲೆ ಆರುವ ಹೆಡ್‌ಲ್ಯಾಂಪ್‌ಗಳೂ ಇವೆ.
- ಮಿಣಮಿಣ ಮಿನುಗುವ ಸ್ಟ್ರೋಬ್ ಇದೇ ಸರದಿಯಲ್ಲಿ ಬರುತ್ತದಾ? ಹಾಗಿದ್ದರೆ ಬೇಡವೇ ಬೇಡ.

ಆಂಡುರಿಲ್ ಎಂಬ ತಂತ್ರಾಂಶ ಇರುವ ಟಾರ್ಚ್‌ಗಳಲ್ಲಿ ಆರಿದ್ದಾಗ ಬಟನ್ ಒತ್ತಿ ಹಿಡಿದರೆ ಅತಿ ಕೆಳಗಿನ ಮಟ್ಟದಿಂದಲೇ ಶುರುವಾಗುತ್ತದೆ, ಹಿಡಿದೇ ಇದ್ದರೆ ನಿಧಾನವಾಗಿ ಏರುತ್ತದೆ. ಈ ಜೋಡಣೆ ನನಗೆ ಬಹಳ ಇಷ್ಟ. ಆದರೆ ಅದರ ಒತ್ತುವ ಲೆಕ್ಕಗಳು ಹತ್ತಾರು. ಮನೆಯಲ್ಲಿ ಬೇರೆಯವರ ಕೈಗೆ ಕೊಟ್ಟರೆ "ಇದನ್ನು ಆರಿಸೋದು ಹೇಗೆ ಮಾರಾಯಾ" ಅಂತ ಕೇಳುತ್ತಾರೆ.

ಹಂತ 4: ಕೆಂಪಾ, ಬಿಳಿಯಾ?

ಕೆಂಪು ಬೆಳಕಿಗೆ ಹೆಸರು ಬಂದದ್ದಕ್ಕೆ ಕಾರಣ ಇದೆ. ದಂಡಕೋಶಗಳಿಗೆ ಅತಿ ಹೆಚ್ಚು ತಾಗುವುದು ಸುಮಾರು 500 ನ್ಯಾನೋಮೀಟರ್ ತರಂಗಾಂತರದ, ಅಂದರೆ ನೀಲಿ ಮಿಶ್ರಿತ ಹಸಿರು ಬೆಳಕು. ಕೆಂಪಿನ ಕಡೆ ಹೋದಂತೆ ಅವುಗಳ ಸ್ಪಂದನ ಧಡಾರನೆ ಬೀಳುತ್ತದೆ. 620 ನ್ಯಾನೋಮೀಟರ್‌ನಲ್ಲಿ ಅದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. 660ರ ಕಡುಗೆಂಪಿನಲ್ಲಿ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಕೆಂಪು ಬೆಳಕಲ್ಲಿ ಶಂಕುಗಳು ಓದುತ್ತವೆ, ದಂಡಗಳು ಹೆಚ್ಚುಕಡಿಮೆ ಮಲಗಿರುತ್ತವೆ.

ಇದನ್ನು ಮುಸ್ಸಂಜೆ ಯಾವುದಾದರೂ ಹೂಗಿಡದ ಹತ್ತಿರ ನಿಂತು ನೋಡಬಹುದು. ಹಗಲು ಎದ್ದು ಕಾಣುವ ಕೆಂಪು ಹೂವು ಕತ್ತಲಾಗುತ್ತಾ ಕಪ್ಪಾಗುತ್ತದೆ, ಸುತ್ತಲಿನ ಹಸಿರೆಲೆ ಅದಕ್ಕಿಂತ ತಿಳಿಯಾಗಿ ಕಾಣತೊಡಗುತ್ತದೆ. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 19ನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗುರುತಿಸಿದ್ದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು.

ಹಾಗಾದರೆ ಕೆಂಪೇ ತೆಗೆದುಕೊಳ್ಳೋಣ ಅನ್ನಬಹುದು. ಸ್ವಲ್ಪ ತಡೆಯಿರಿ. ಕೆಂಪು ಬೆಳಕು ಜೋರಾಗಿದ್ದರೆ ಅದೂ ಕಣ್ಣು ಕೆಡಿಸುತ್ತದೆ. 100 ಲ್ಯೂಮೆನ್ ಕೆಂಪಿಗಿಂತ 0.2 ಲ್ಯೂಮೆನ್ ಬಿಳಿ ಎಷ್ಟೋ ವಾಸಿ. ಇನ್ನೊಂದು ತೊಡಕು ಬಣ್ಣಗಳದ್ದು. ಕೆಂಪು ಬೆಳಕಲ್ಲಿ ಬಿಳಿ ಕಾಗದದ ಮೇಲಿನ ಕೆಂಪು ಗೆರೆ ಮಾಯವಾಗುತ್ತದೆ. ನಕ್ಷೆಯ ಮೇಲೆ ಕೆಂಪು ಪೆನ್ನಲ್ಲಿ ದಾರಿ ಗುರುತು ಮಾಡಿಕೊಂಡು ಹೋಗಿ ಕೆಂಪು ಟಾರ್ಚ್ ಹಾಕಿದರೆ ದಾರಿಯೇ ಇಲ್ಲ! ಗಾಯವಾದರೆ ರಕ್ತವೂ ಸರಿಯಾಗಿ ಗುರುತು ಸಿಗುವುದಿಲ್ಲ. ವಿಮಾನದ ಕಾಕ್‌ಪಿಟ್‌ನಲ್ಲಿ ಒಂದು ಕಾಲಕ್ಕೆ ಕೆಂಪು ದೀಪವೇ ರೂಢಿಯಲ್ಲಿತ್ತು. ನಕ್ಷೆಯ ಬಣ್ಣಗಳು ಕೆಡುತ್ತವೆ ಎಂಬ ಕಾರಣಕ್ಕೆ ಈಗ ಪೈಲಟ್‌ಗಳಿಗೆ ಮಂದ ಬಿಳಿ ಬೆಳಕನ್ನೂ ಸಲಹೆ ಮಾಡುತ್ತಾರೆ.

ನನ್ನ ತೀರ್ಮಾನ ಹೇಳುತ್ತೇನೆ. ದೂರದರ್ಶಕದ ಮುಂದೆ ಕೂರುವವರಿಗೆ, ಅದರಲ್ಲೂ ನಾಲ್ಕು ಜನರ ಜೊತೆ ನಕ್ಷತ್ರ ನೋಡುವವರಿಗೆ, ಮಂದವಾದ ಕೆಂಪು. ಅಂಥ ಕೂಟಗಳಲ್ಲಿ ಬಿಳಿ ಬೆಳಕು ಹಾಕಿದರೆ ಬೈಗುಳ ಖಾತ್ರಿ. ಉಳಿದವರಿಗೆ, ಅಂದರೆ ರಾತ್ರಿ ನಡೆಯುವವರಿಗೆ, ಡೇರೆಯಲ್ಲಿ ಮಲಗುವವರಿಗೆ, ಮಗು ನೋಡಿಕೊಳ್ಳುವವರಿಗೆ, ಅತಿ ಮಂದವಾದ ಬೆಚ್ಚನೆಯ ಬಿಳಿ. ಬೆಚ್ಚನೆಯದು ಅಂದರೆ 2700ರಿಂದ 3000 ಕೆಲ್ವಿನ್‌ನ (ಬಿಳಿ ಬೆಳಕಿನ ಛಾಯೆಯನ್ನು ಹೇಳುವ ಅಳತೆ) ಹಳದಿ ಛಾಯೆ. 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿಯಲ್ಲಿ ದಂಡಗಳಿಗೆ ತಾಗುವ ಬೆಳಕು ಜಾಸ್ತಿ. ಕೆಂಪು ಎಲ್ಇಡಿ ಕೊಳ್ಳುವುದಾದರೆ 620–630 ನ್ಯಾನೋಮೀಟರ್‌ನದು ಸಾಮಾನ್ಯವಾಗಿ ಸಿಗುತ್ತದೆ. 660ರದು ದಂಡಗಳಿಗೆ ಇನ್ನೂ ಮೃದು. ಆದರೆ ಶಂಕುಗಳಿಗೂ ಅದು ಕಡಿಮೆಯೇ ಕಾಣುವುದರಿಂದ ಓದಲು ಹೆಚ್ಚು ಬೆಳಕು ಬೇಕಾಗುತ್ತದೆ.

ಹಂತ 5: ಬೆಳಕು ಹೇಗೆ ಹರಡುತ್ತದೆ

ನಡುವೆ ಚುಕ್ಕಿಯಂತೆ ಜೋರು ಬೆಳಕು, ಸುತ್ತ ಮಸುಕು, ಇಂಥದ್ದು ದೂರ ನೋಡಲು. ನಮಗೆ ಬೇಡ. ಗೋಡೆಗೆ ಬಿಟ್ಟರೆ ಒಂದೇ ಸಮನಾಗಿ ಹರಡಬೇಕು. ಲೆನ್ಸ್ ಮಂಜುಮಂಜಾಗಿರುವ ಟಾರ್ಚ್ ಆದರೆ ಒಳ್ಳೆಯದು. ಇಲ್ಲದಿದ್ದರೆ ಲೆನ್ಸಿನ ಮೇಲೆ ಒಂದು ತುಂಡು ಅರೆಪಾರದರ್ಶಕ ಟೇಪ್ ಅಂಟಿಸಿದರೂ ಕೆಲಸ ನಡೆಯುತ್ತದೆ.

ಹಂತ 6: ಗಾತ್ರ ಮತ್ತು ಸೆಲ್

ಜೇಬಿನಲ್ಲಿ ಇದ್ದದ್ದೇ ಗೊತ್ತಾಗದಷ್ಟು ಚಿಕ್ಕದಿರಬೇಕು. ಎಎಎ ಸೆಲ್ ಒಂದು ಹಾಕುವ ಟಾರ್ಚ್ ಬೆರಳಿನಷ್ಟಿರುತ್ತದೆ. ಎಎ ಸೆಲ್‌ನದು ಸ್ವಲ್ಪ ದಪ್ಪ, ಆದರೆ ಹೆಚ್ಚು ದಿನ ಬರುತ್ತದೆ. ಒಂದು ಲ್ಯೂಮೆನ್‌ಗಿಂತ ಕಡಿಮೆ ಬೆಳಕಿಗೆ ಖರ್ಚೇ ಇಲ್ಲ. ಚೆನ್ನಾಗಿ ಮಾಡಿದ ಟಾರ್ಚ್ ಒಂದೇ ಎಎ ಸೆಲ್‌ನಲ್ಲಿ ದಿನಗಟ್ಟಲೆ ಬಿಡದೆ ಉರಿಯುತ್ತದೆ.

ಸಿಆರ್2032 ಥರದ ಬಟನ್ ಸೆಲ್ ಹಾಕುವ ಕೀ ಚೈನ್ ದೀಪಗಳು ಇನ್ನೂ ಚಿಕ್ಕವು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾತ್ರ ಎಚ್ಚರ. ಬಟನ್ ಸೆಲ್ ನುಂಗಿದರೆ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗಬಹುದು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ದೀಪವನ್ನು ಮನೆಗೆ ತರಲೇಬೇಡಿ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಆಲ್ಕಲೈನ್ ಸೆಲ್‌ಗಳನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋರಿ ಟಾರ್ಚನ್ನೇ ಹಾಳುಮಾಡುತ್ತವೆ. ಬಾಲದ ಬದಿ ತಿರುಚಿ ಸಂಪರ್ಕ ಕಡಿಯಬಹುದಾದ ಟಾರ್ಚ್ ಸಿಕ್ಕರೆ ಇನ್ನೂ ಚೆನ್ನ, ಜೇಬಲ್ಲಿ ತಾನೇ ಹೊತ್ತಿಕೊಳ್ಳುವುದಿಲ್ಲ.

ಹಂತ 7: ಮನೆಯಲ್ಲೇ ಒಂದು ಪರೀಕ್ಷೆ

ಅಂಗಡಿಯ ಬೆಳಕಲ್ಲಿ ಯಾವ ಟಾರ್ಚೂ ಮಂದವಾಗಿಯೇ ಕಾಣುತ್ತದೆ. 0.3 ಲ್ಯೂಮೆನ್ ಅಂತೂ ಹೊತ್ತಿದೆಯೋ ಇಲ್ಲವೋ ಅನ್ನಿಸುತ್ತದೆ. "ಇದು ಕೆಟ್ಟಿದೆ" ಅಂತ ವಾಪಸ್ ಕೊಟ್ಟವರೂ ಇರಬಹುದು. ಆದ್ದರಿಂದ ಮನೆಗೆ ತಂದ ದಿನ ರಾತ್ರಿಯೇ ಪರೀಕ್ಷಿಸಿ.

ಕೋಣೆಯ ಬೆಳಕೆಲ್ಲ ಆರಿಸಿ. ಚಾರ್ಜರ್, ರೂಟರ್‌ಗಳ ಮೇಲಿನ ಸಣ್ಣ ದೀಪಕ್ಕೂ ಬಟ್ಟೆ ಹಾಕಿ. ಅರ್ಧ ಗಂಟೆ ಸುಮ್ಮನೆ ಕೂರಿ. ಫೋನ್ ಮುಟ್ಟಬೇಡಿ, ಇದೇ ಕಷ್ಟದ ಭಾಗ. ಆಮೇಲೆ ಎಡಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ. ಬಲಗಣ್ಣಿನಿಂದ, ಟಾರ್ಚಿನ ಬೆಳಕಲ್ಲಿ, ಒಂದು ಪುಟವನ್ನು ಒಂದು ನಿಮಿಷ ಓದಿ. ಟಾರ್ಚ್ ಆರಿಸಿ. ಈಗ ಕೋಣೆಯ ಒಂದು ಮೂಲೆಯನ್ನು ಬಲಗಣ್ಣಿನಿಂದ ಮಾತ್ರ ನೋಡಿ, ನಂತರ ಎಡಗಣ್ಣಿನಿಂದ ಮಾತ್ರ ನೋಡಿ.

ಎಡಗಣ್ಣಿಗೆ ಬಾಗಿಲ ಚೌಕಟ್ಟು, ಕುರ್ಚಿಯ ಬೆನ್ನು ಕಾಣುತ್ತಾ, ಬಲಗಣ್ಣಿಗೆ ಕರಿ ಮೋಡ ಮುಸುಕಿದಂತಿದ್ದರೆ ಆ ಬೆಳಕು ಜಾಸ್ತಿಯಾಯಿತು. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಂಡರೆ ಅದು ನಿಮ್ಮ ಟಾರ್ಚ್. ನಾನು ಮೊದಲ ಸಲ ಮಾಡಿದಾಗ ಬಲಗಣ್ಣು ಕುರುಡಾಯಿತೇನೋ ಎಂದು ಒಂದು ಕ್ಷಣ ಗಾಬರಿಯಾಗಿತ್ತು. ಏನೂ ಆಗಿರಲಿಲ್ಲ, ಟಾರ್ಚ್ 15 ಲ್ಯೂಮೆನ್‌ನದಾಗಿತ್ತು.

ಇದೇ ಹೊತ್ತಲ್ಲಿ ಟಾರ್ಚನ್ನು ಕಣ್ಣ ಮುಂದೆ ಅಲ್ಲ, ಬದಿಗೆ ಹಿಡಿದು ಬೇಗ ಬೇಗ ಆಡಿಸಿ. ಬೆಳಕು ಎಳೆಯಂತೆ ಕಾಣದೆ ಚುಕ್ಕಿಚುಕ್ಕಿಯಾಗಿ ಒಡೆದರೆ, ಅದು ವೇಗವಾಗಿ ಹತ್ತಿ ಆರಿ ಮಂದವಾಗುವ ಜಾತಿ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ, ಕೆಲವರಿಗೆ ಗೊತ್ತೇ ಆಗುವುದಿಲ್ಲ.

ಇರುವ ಟಾರ್ಚನ್ನೇ ಪಳಗಿಸುವುದು

ಹೊಸದು ಕೊಳ್ಳಲೇಬೇಕೆಂದಿಲ್ಲ. ಸಣ್ಣ ಟಾರ್ಚಿನ ಲೆನ್ಸಿಗೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿ, ನಡುವೆ ಸೂಜಿಯಲ್ಲಿ ಒಂದು ತೂತು ಮಾಡಿ. ಸಾಲದಿದ್ದರೆ ಇನ್ನೊಂದು ತೂತು. ಮೇಲೆ ಹೇಳಿದ ಕಣ್ಣಿನ ಪರೀಕ್ಷೆ ಮಾಡುತ್ತಾ ಹೊಂದಿಸಿಕೊಳ್ಳಿ. ಆದರೆ ನೂರಾರು ಲ್ಯೂಮೆನ್‌ನ ಟಾರ್ಚಿಗೆ ಇದನ್ನು ಮಾಡಬೇಡಿ. ಮುಚ್ಚಿದ ಲೆನ್ಸಿನಲ್ಲಿ ಬಿಸಿ ಏರಿ ಟೇಪ್ ಕರಗುತ್ತದೆ, ಕೈಯೂ ಸುಡುತ್ತದೆ.

ಕೆಂಪು ಮಾಡಬೇಕಾದರೆ ಕೆಂಪು ಜಿಲೆಟಿನ್ ಕಾಗದವನ್ನು ನಾಲ್ಕೈದು ಪದರ ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಒಂದು ಪದರ ಸಾಲದು. ಬಿಳಿ ಎಲ್ಇಡಿಯೊಳಗೆ ನಿಜವಾಗಿ ಇರುವುದು ನೀಲಿ ಎಲ್ಇಡಿ, ಅದರ ಮೇಲೆ ಹಳದಿ ಲೇಪ. ತೆಳು ಕಾಗದದಿಂದ ನೀಲಿ, ಹಸಿರು ನುಸುಳುತ್ತವೆ. ನುಸುಳಿದೆಯಾ ಎಂದು ನೋಡಲು ಒಂದು ಹಳೇ ಸಿಡಿ ಸಾಕು. ಕತ್ತಲಲ್ಲಿ ಸಿಡಿಯ ಹೊಳೆಯುವ ಬದಿಗೆ ಬೆಳಕು ಬಿಟ್ಟು ಓರೆಯಾಗಿ ನೋಡಿ. ಕೆಂಪು ಪಟ್ಟಿ ಮಾತ್ರ ಕಂಡರೆ ಗೆದ್ದಿರಿ. ಪಕ್ಕದಲ್ಲಿ ಹಸಿರು, ನೀಲಿ ಪಟ್ಟಿ ಇಣುಕಿದರೆ ಇನ್ನೊಂದು ಪದರ ಹಾಕಿ.

ಏನೂ ಇಲ್ಲದಾಗ ಬೆರಳೇ ಫಿಲ್ಟರ್. ಸಣ್ಣ ಟಾರ್ಚಿನ ಬಾಯಿಯನ್ನು ಬೆರಳ ತುದಿಯಿಂದ ಮುಚ್ಚಿ ಹೊತ್ತಿಸಿ. ಬೆರಳು ಕೆಂಡದಂತೆ ಕೆಂಪಗೆ ಹೊಳೆಯುತ್ತದೆ. ರಕ್ತ ಹಸಿರು, ನೀಲಿಯನ್ನು ಹೀರಿಕೊಂಡು ಕೆಂಪನ್ನಷ್ಟೇ ಬಿಡುವುದರಿಂದ ಹಾಗೆ. ಆ ಹೊಳಪಿನಲ್ಲೇ ಗಡಿಯಾರ ನೋಡಬಹುದು, ಬೀಗದ ತೂತು ಹುಡುಕಬಹುದು.

ಫೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಟಾರ್ಚ್ ಈ ಕೆಲಸಕ್ಕೆ ತೀರಾ ಜೋರು. ಪರದೆಯನ್ನೇ ದೀಪವಾಗಿ ಬಳಸುವುದಾದರೆ ಹೊಳಪು ಕನಿಷ್ಠಕ್ಕೆ ಇಳಿಸಿ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿಯ ಕಲರ್ ಫಿಲ್ಟರ್‌ಗಳೊಳಗೆ ಪರದೆಯನ್ನು ಪೂರ್ತಿ ಕೆಂಪಾಗಿಸುವ ಆಯ್ಕೆ ಇದೆ. ಒಂದು ನೋಟಿಫಿಕೇಶನ್ ಬಂದು ಅದರ ಹಿಂದೆ ಹತ್ತು ನಿಮಿಷ ಹೋಗುವುದನ್ನು ಯಾವ ಫಿಲ್ಟರೂ ತಡೆಯಲಾರದು.

ಬಳಸುವಾಗ

ಟಾರ್ಚನ್ನು ಕಣ್ಣಿನ ಮಟ್ಟದಿಂದ ಕೆಳಗೆ, ಸೊಂಟದ ಹತ್ತಿರ ಹಿಡಿಯಿರಿ. ನೆಲದ ಉಬ್ಬುತಗ್ಗುಗಳಿಗೆ ನೆರಳು ಬಿದ್ದು ಕಡಿಮೆ ಬೆಳಕಲ್ಲೂ ಎದ್ದು ಕಾಣುತ್ತವೆ. ಹೊಳೆಯುವ ಕಾಗದದ ನಕ್ಷೆಯನ್ನು ಓರೆ ಮಾಡಿ, ಪ್ರತಿಫಲನ ನೇರವಾಗಿ ಕಣ್ಣಿಗೆ ಬರದಿರಲಿ. ಟಾರ್ಚ್ ದೂರ ಹಿಡಿದಷ್ಟೂ ಬೆಳಕು ಬೇಗ ಕಡಿಮೆಯಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಟಾರ್ಚಿನಲ್ಲಿ ಇನ್ನೂ ಮಂದ ಮಟ್ಟ ಇಲ್ಲದಿದ್ದರೆ ಕೈ ಚಾಚುವುದೇ ಉಪಾಯ.

ಮಸುಕಾದದ್ದನ್ನು ನೇರವಾಗಿ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ದೃಷ್ಟಿಯ ನಟ್ಟನಡುವೆ ದಂಡಕೋಶಗಳೇ ಇಲ್ಲ. ಮಸುಕು ನಕ್ಷತ್ರವನ್ನು ನೇರ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ.

ಜೋರು ಬೆಳಕು ಹಾಕಲೇಬೇಕಾದ ಸಂದರ್ಭ ಬಂದರೆ ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಿ. ಕೆಲಸ ಮುಗಿದು ದೀಪ ಆರಿಸಿದ ಮೇಲೆ ಆ ಕಣ್ಣು ತೆರೆಯಿರಿ, ಅದರಲ್ಲಿ ಕತ್ತಲು ಇನ್ನೂ ಹಾಗೇ ಇರುತ್ತದೆ. ಜೊತೆಯಲ್ಲಿ ಇರುವವರಿಗೂ ಮೊದಲೇ "ಬೆಳಕು ಹಾಕ್ತೀನಿ, ಕಣ್ಣು ಮುಚ್ಚಿ" ಅಂತ ಕೂಗಿ ಹೇಳಿ. ಮತ್ತೆ, ಟಾರ್ಚಿನ ಬಟನ್ ಒಳಗೆ ಸದಾ ಉರಿಯುವ ನೀಲಿ ಅಥವಾ ಹಸಿರು ಸೂಚಕ ದೀಪ ಇದ್ದರೆ ಅದರ ಮೇಲೆ ಒಂದು ಚೂರು ಕರಿ ಟೇಪ್ ಅಂಟಿಸಿಬಿಡಿ. ನಾನು ಅದನ್ನು ಗಮನಿಸಿದ್ದು ಮೂರನೇ ರಾತ್ರಿ, ಡೇರೆಯ ಮೂಲೆಯಲ್ಲಿ ಏನೋ ಕಣ್ಣು ಬಿಟ್ಟು ನೋಡುತ್ತಿದೆ ಅಂತ ಎದ್ದು ಕೂತಾಗ.